ಶಾಲೆಯ ರಾಗಿ ಮಾಲ್ಟ್: ಬೆಳಿಗ್ಗೆ ಸೊಗಸು, ಮಧ್ಯಾಹ್ನಕ್ಕೆ ಏನೂ ಇಲ್ಲ

ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಬೆಳಿಗ್ಗೆ ಕೊಡುವ ಪಾನೀಯದ ಬಗ್ಗೆ ಅಂಕಿಅಂಶಗಳ ವರದಿಗಳು ಸಾಕಷ್ಟು ಬಂದಿವೆ. ಹೋಟೆಲಿನ ಕಾಫಿಯನ್ನು ವಿಮರ್ಶಿಸುವ ಹಾಗೆ ಕುಡಿಯುವವರ ಕಡೆಯಿಂದ ಅದನ್ನು ನೋಡಿದವರು ಕಡಿಮೆ. 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಕರ್ನಾಟಕ ಹಾಲು ಮಹಾಮಂಡಳ (ಕೆಎಂಎಫ್) ಪೂರೈಸುವ 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ ತಯಾರಿಸಿದ 150 ಮಿ.ಲೀ. ಬಿಸಿ ಹಾಲು ಮೊದಲು ವಾರಕ್ಕೆ ಮೂರು ದಿನ, ಅನಂತರ ಐದು ದಿನ ಮಕ್ಕಳಿಗೆ ಸಿಗತೊಡಗಿತು. 2024ರ ಫೆಬ್ರವರಿಯಲ್ಲಿ ಶ್ರೀ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್‌ನ ಸಹಯೋಗದಲ್ಲಿ, ವಾರದ ಮೂರು ದಿನ ಅದೇ ಹಾಲಿಗೆ ರಾಗಿ ಹೆಲ್ತ್ ಮಿಕ್ಸ್ ಬೆರೆಸಿ ಕೊಡುವ ಕ್ರಮವೂ ಸೇರಿತು.

ರುಚಿಯಲ್ಲಿ ಈ ಸೇರ್ಪಡೆ ನಿಜವಾದ ಸುಧಾರಣೆ. ಬರೀ ಪುಡಿ ಹಾಲಿಗೆ ಒಂದು ವಾಸನೆಯಿದೆ. ಮನೆಯಲ್ಲಿ ಕರೆದ ಹಾಲು ಕುಡಿದು ಬೆಳೆದ ಹಳ್ಳಿಯ ಮಕ್ಕಳಿಗೆ ಅದು ಬೇಗ ಗೊತ್ತಾಗುತ್ತದೆ, ತಣ್ಣಗಾಗಿ ಮೇಲೆ ಕೆನೆ ಕಟ್ಟಿದರಂತೂ ಲೋಟ ಹಾಗೆಯೇ ಉಳಿಯುತ್ತದೆ. ಹುರಿದ ರಾಗಿಯ ಘಮ ಆ ವಾಸನೆಯನ್ನು ಮುಚ್ಚುತ್ತದೆ, ಹಾಲಿಗೆ ತುಸು ಮೈ ಬರುತ್ತದೆ. ಆದರೆ ಗುಣಮಟ್ಟ ಪೂರ್ತಿ ನಿಂತಿರುವುದು ಅಡುಗೆಯವರ ಕೈಯ ಮೇಲೆ. ಪುಡಿಯನ್ನು ಮೊದಲು ತಣ್ಣೀರಿನಲ್ಲಿ ಕದಡಿ, ಆಮೇಲೆ ಕುದಿಯುವ ಹಾಲಿಗೆ ಸುರಿದು ತಳ ಹಿಡಿಯದಂತೆ ಸೌಟಾಡಿಸಿದರೆ ಮಾಲ್ಟ್ ನಯವಾಗಿರುತ್ತದೆ. ಅವಸರದಲ್ಲಿ ಒಣಪುಡಿಯನ್ನೇ ಬಿಸಿ ಹಾಲಿಗೆ ಸುರಿದರೆ ಗಂಟು ಕಟ್ಟುತ್ತದೆ, ಮತ್ತು ಆ ಗಂಟು ಒಡೆದಾಗ ನಾಲಿಗೆಗೆ ಸಿಗುವುದು ಹಸಿ ಹಿಟ್ಟು. ನಾನು ನೋಡಿದ ಶಾಲೆಗಳಲ್ಲಿ ಎರಡೂ ಬಗೆಯವು ಇದ್ದವು. ಕಡೆಯ ಸಾಲಿನ ಮಕ್ಕಳಿಗೆ ಸಿಗುವ ಲೋಟವಂತೂ ಯಾವಾಗಲೂ ಹೆಚ್ಚು ಗಟ್ಟಿ, ಏಕೆಂದರೆ ರಾಗಿ ತಳಕ್ಕೆ ಇಳಿಯುತ್ತದೆ. ಪ್ರತಿ ಲೋಟಕ್ಕೂ ಮುನ್ನ ಒಮ್ಮೆ ಕಲಕುವಷ್ಟು ತಾಳ್ಮೆ ಬಡಿಸುವವರಿಗೆ ಇರಬೇಕು.

ಪೌಷ್ಟಿಕತೆಯ ವಿಷಯದಲ್ಲಿ ತಕರಾರು ತೆಗೆಯುವುದು ಕಷ್ಟ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ ಎಂಬುದು ನಿಜವಾದರೂ, ಒಂದು ಲೋಟಕ್ಕೆ ಬೀಳುವ ಪುಡಿ ಅಲ್ಪವೇ ಆದ್ದರಿಂದ ಹೆಚ್ಚಿನ ಸತ್ವ ಇಲ್ಲಿ ಹಾಲಿನದೇ. ರಾಗಿಯ ದೊಡ್ಡ ಉಪಕಾರವೆಂದರೆ ಆ ಹಾಲನ್ನು ಮಕ್ಕಳ ಹೊಟ್ಟೆಗೆ ಇಳಿಸುವುದು. ಸಿಹಿ ಮಾತ್ರ ಇನ್ನೂ ಸ್ವಲ್ಪ ಕಡಿಮೆಯಾಗಬಹುದು. ಹಾಗಿದ್ದರೂ ಖಾಸಗಿ ಶಾಲೆಯ ಮಕ್ಕಳಿಗೆ ಮನೆಯಲ್ಲಿ ದುಬಾರಿ ಬೆಲೆ ಕೊಟ್ಟು ಕುಡಿಸುವ ಎಷ್ಟೋ ಡಬ್ಬಿ ಪುಡಿಗಳಿಗಿಂತ ಇದು ಮೇಲು. ಬೋರ್ನ್‌ವಿಟಾದಂಥ ಪಾನೀಯಗಳನ್ನು ಆರೋಗ್ಯ ಪೇಯಗಳ ಪಟ್ಟಿಯಿಂದ ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿದ್ದು ಇದೇ ಮಾಲ್ಟ್ ಆರಂಭವಾದ ವರ್ಷದ ಏಪ್ರಿಲ್‌ನಲ್ಲಿ.

ನನ್ನ ಮುಖ್ಯ ಆಕ್ಷೇಪ ಲೋಟದ ಒಳಗಿನದರ ಬಗ್ಗೆ ಅಲ್ಲ, ಹೊತ್ತಿನ ಬಗ್ಗೆ. ಬೆಳಿಗ್ಗೆ ಮಕ್ಕಳಿಗೆ ಇರುವುದು ಹಸಿವು, ಅದನ್ನು ಮಾಲ್ಟ್ ನೀಗಿಸುತ್ತದೆ. ಬಾಯಾರಿಕೆ ಬರುವುದು ಆಟದ ಪೀರಿಯಡ್ ಮುಗಿದಾಗ, ಊಟದ ನಂತರ, ಶಾಲೆ ಬಿಡುವ ವೇಳೆಗೆ. ಆ ಹೊತ್ತಿನಲ್ಲಿ ಶಾಲೆಯ ಒಳಗೆ ನೀರಿನ ನಲ್ಲಿಯ ಹೊರತು ಬೇರೇನೂ ಇಲ್ಲ. ಗೇಟಿನಾಚೆಯ ಪೆಟ್ಟಿ ಅಂಗಡಿಯಲ್ಲಿ ಮಾವಿನ ಚಿತ್ರದ ಪೊಟ್ಟಣವೂ ಬಣ್ಣದ ಐಸೂ ನೇತಾಡುವ ಚಿಪ್ಸಿನ ಪಕ್ಕದಲ್ಲೇ ಕಾದಿರುತ್ತವೆ. ಇಂಥ ಮಾವಿನ ಪಾನೀಯಗಳಲ್ಲಿ ನೂರು ಮಿ.ಲೀ.ಗೆ ಹನ್ನೆರಡು ಗ್ರಾಂ ಆಸುಪಾಸು ಸಕ್ಕರೆ ಇರುವುದು ಸಾಮಾನ್ಯ. ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ಪದಾರ್ಥಗಳನ್ನು ಶಾಲೆಯ ಗೇಟಿನಿಂದ ಐವತ್ತು ಮೀಟರ್ ಒಳಗೆ ಮಾರಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2020ರಲ್ಲೇ ನಿಯಮ ಮಾಡಿದೆ. ಆದರೆ ಆ ಅಂಗಡಿಯವನನ್ನು ಎಬ್ಬಿಸಿದ ಮಾತ್ರಕ್ಕೆ ಮಗುವಿನ ಗಂಟಲು ತಣಿಯುವುದಿಲ್ಲ, ಅವನ ಬದಲಿಗೆ ಏನನ್ನು ಕೊಡುತ್ತೇವೆ ಎಂಬುದೂ ನಿರ್ಧಾರವಾಗಬೇಕು.

ಮಜ್ಜಿಗೆ ಇದಕ್ಕೆ ಸಹಜವಾದ ಉತ್ತರ. ರಾಯಚೂರು, ಕಲಬುರಗಿ ಕಡೆಯ ಮಾರ್ಚ್ ತಿಂಗಳ ಬಿಸಿಲಿನಲ್ಲಿ ಬಿಸಿ ಮಾಲ್ಟ್‌ಗಿಂತ ಉಪ್ಪು, ಶುಂಠಿ, ಕೊತ್ತಂಬರಿ ಹಾಕಿದ ನೀರುಮಜ್ಜಿಗೆಯೇ ಮಕ್ಕಳಿಗೆ ಹಿತ, ಸಕ್ಕರೆಯ ಗೊಡವೆಯೂ ಇಲ್ಲ. ನಂದಿನಿ ಮಸಾಲ ಮಜ್ಜಿಗೆಯನ್ನು ಈಗಾಗಲೇ ಪೊಟ್ಟಣಗಳಲ್ಲಿ ಮಾರುತ್ತಿರುವಾಗ, ಬೇಸಿಗೆಯ ತಿಂಗಳುಗಳಲ್ಲಾದರೂ ವಾರದ ಎರಡು ದಿನ ಮಧ್ಯಾಹ್ನ ಅದನ್ನು ಶಾಲೆಗಳಿಗೆ ತಲುಪಿಸುವುದು ಅಸಾಧ್ಯದ ಮಾತಲ್ಲ. ಮಜ್ಜಿಗೆಯನ್ನು ತಂಪಾಗಿ ಸಾಗಿಸಿ ಇಡುವ ವ್ಯವಸ್ಥೆಯಿಲ್ಲದ ಊರುಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು (ಎಸ್‌ಡಿಎಂಸಿ) ಊರಿನ ಸ್ವಸಹಾಯ ಸಂಘದಿಂದಲೇ ಅಂದಂದಿನ ಮಜ್ಜಿಗೆ ಕೊಳ್ಳಬಹುದು, ನೀರು ಶುದ್ಧವಾಗಿರಬೇಕೆಂಬ ಒಂದು ಷರತ್ತಿನ ಮೇಲೆ.

ಆ ಷರತ್ತು ಸಣ್ಣದಲ್ಲ. 2019ರಲ್ಲಿ ಕೇರಳದ ಶಾಲೆಗಳಿಂದ ಸುದ್ದಿಯಾದ, ಮಕ್ಕಳಿಗೆ ನೀರು ಕುಡಿಯಲು ನೆನಪಿಸುವ ನೀರಿನ ಗಂಟೆಯನ್ನು ಇಲ್ಲಿಯೂ ಬಾರಿಸಬಹುದು, ಆದರೆ ಫಿಲ್ಟರಿನ ಕ್ಯಾಂಡಲ್ ಬದಲಿಸದೆ ಗಂಟೆ ಬಾರಿಸಿದರೆ ಮಕ್ಕಳು ನೀರಿನ ಬಾಟಲಿಯನ್ನು ಬಾಯಿಗೆ ಇಡುವುದಿಲ್ಲ. ಬೆಳಗಿನ ಮಾಲ್ಟ್‌ಗೆ ನಾನು ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಕಡಿತವಾದ ಒಂದು ಅಂಕ ಗಂಟಿಗೂ ಸಿಹಿಗೂ ಸೇರಿ. ಇಡೀ ದಿನದ ವ್ಯವಸ್ಥೆಗೆ ಎರಡಕ್ಕಿಂತ ಹೆಚ್ಚು ಕೊಡಲಾರೆ.