ಪಿಜಿಯ ನೆಟ್‌ಗೆ ಸ್ಪೀಡ್ ಲಿಮಿಟ್: ಸ್ವಿಚ್‌ನಲ್ಲಿ ಹಾಕಬೇಕಾ, ರೂಟರ್‌ನಲ್ಲಾ?

ಮಣಿಪಾಲದ ಈಶ್ವರ ನಗರದಲ್ಲಿ ಒಂದು ಪಿಜಿಯ ನೆಟ್‌ವರ್ಕ್ ನಾನು ನೋಡಿಕೊಳ್ಳುತ್ತೇನೆ. 100 ಎಂಬಿಪಿಎಸ್‌ನ ಒಂದೇ ಫೈಬರ್ ಲೈನ್. ಮಹಡಿಗೊಂದು ವೈಫೈ ಆಕ್ಸೆಸ್ ಪಾಯಿಂಟ್, ಎಲ್ಲ ಕೇಬಲ್ ಕೆಳಗಿನ ಸ್ವಿಚ್‌ಗೆ. ರಾತ್ರಿ ಊಟ ಮುಗಿದ ಮೇಲೆ ಒಬ್ಬ ಗೇಮ್ ಡೌನ್‌ಲೋಡ್‌ಗೆ ಹಾಕಿದರೆ ಸಾಕು, ಪಕ್ಕದ ರೂಮಿನವನ ವಿಡಿಯೊ ಕಾಲ್ ಕಟ್. "ಅಣ್ಣ, ನೆಟ್ ಬರ್ತಾ ಇಲ್ಲ" ಅಂತ ಫೋನ್. ಲಿಮಿಟ್ ಹಾಕಲೇಬೇಕಿತ್ತು. ವೆಬ್ ಪೇಜಿನಿಂದ ನಡೆಸುವ ಸ್ಮಾರ್ಟ್ ಸ್ವಿಚ್, ಸಿಸ್ಕೊ ಕ್ಯಾಟಲಿಸ್ಟ್ 2960, ಮೈಕ್ರೋಟಿಕ್ ರೂಟರ್ ಮೂರರಲ್ಲೂ ಹಾಕಿ ನೋಡಿದೆ.

ಮೊದಲು ಒಂದು ವಿಷಯ. ಸ್ವಿಚ್‌ನ ಇನ್‌ಗ್ರೆಸ್ ಅಂದರೆ ಸ್ವಿಚ್ ಒಳಗೆ ಬರುವುದು, ಅಂದರೆ ರೂಮಿನವರ ಅಪ್‌ಲೋಡ್. ಎಗ್ರೆಸ್ ಅವರ ಡೌನ್‌ಲೋಡ್. ಇದು ತಿರುವುಮುರುವಾದರೆ ಮುಂದಿನ ಲೆಕ್ಕವೆಲ್ಲ ತಲೆಕೆಳಗೆ.

ಸ್ಮಾರ್ಟ್ ಸ್ವಿಚ್‌ನ ಕೆಲಸ ಸುಲಭ. ಪೋರ್ಟ್ ಆರಿಸಿ, ಎರಡು ಕಡೆಯ ವೇಗವನ್ನು ಕೆಬಿಪಿಎಸ್‌ನಲ್ಲಿ ಬರೆದು ಸೇವ್ ಮಾಡಿದರೆ ಮುಗಿಯಿತು. ಅದಕ್ಕಿಂತ ಜಾಸ್ತಿ ಅದರ ಕೈಯಲ್ಲಿ ಆಗುವುದಿಲ್ಲ.

2960ರಲ್ಲಿ ಮಾಡುವುದಕ್ಕೆ ಬೇಕಾದಷ್ಟಿದೆ, ತೊಡಕೂ ಅಷ್ಟೇ ಇದೆ. ಲಿಮಿಟ್ ದಾಟಿದ ಪ್ಯಾಕೆಟ್ (ಡೇಟಾದ ತುಂಡು) ಬಿಸಾಡುವ ಪೊಲೀಸ್ ಕಮಾಂಡ್ ಇನ್‌ಗ್ರೆಸ್‌ಗೆ ಮಾತ್ರ. ಅದು ಕೆಲಸ ಮಾಡಬೇಕಾದರೆ ಮೊದಲು 'ಎಂಎಲ್‌ಎಸ್ ಕ್ಯೂಒಎಸ್' (ಯಾವ ಟ್ರಾಫಿಕ್‌ಗೆ ಆದ್ಯತೆ ಅಂತ ನೋಡುವ ಸೆಟ್ಟಿಂಗ್) ಆನ್ ಮಾಡಬೇಕು. ಆನ್ ಮಾಡಿದ ಕೂಡಲೇ ಇಡೀ ಸ್ವಿಚ್‌ನ ಬಫರ್ (ಪ್ಯಾಕೆಟ್ ಕಾಯುವ ಜಾಗ) ನಾಲ್ಕು ಕ್ಯೂಗಳಿಗೆ, ಅಂದರೆ ಸಾಲುಗಳಿಗೆ ಹಂಚಿಹೋಗುತ್ತದೆ, ಟ್ರಸ್ಟ್ (ಗುರುತನ್ನು ನಂಬು) ಅಂತ ಹೇಳದ ಪೋರ್ಟ್‌ಗಳಲ್ಲಿ ಪ್ಯಾಕೆಟ್‌ನ ಆದ್ಯತೆ ಹೇಳುವ ಡಿಎಸ್‌ಸಿಪಿ ಗುರುತು ಸೊನ್ನೆಯಾಗುತ್ತದೆ. ಐಪಿ ಫೋನ್ ಇರುವ ಆಫೀಸಿನಲ್ಲಿ ಇದನ್ನು ಸುಮ್ನೆ ಆನ್ ಮಾಡಬೇಡಿ ಮಾರಾಯ್ರೆ.

ನಿಜವಾದ ಆಟ ಇರುವುದು ಬರ್ಸ್ಟ್‌ನಲ್ಲಿ, ಅಂದರೆ ಒಮ್ಮೆಲೇ ಬಂದರೂ ಡ್ರಾಪ್ ಮಾಡದೆ ಬಿಡುವ ಡೇಟಾದ ಅಳತೆಯಲ್ಲಿ. 10 ಎಂಬಿಪಿಎಸ್ ಲಿಮಿಟ್‌ಗೆ 8000 ಬೈಟ್ ಬರ್ಸ್ಟ್ ಕೊಟ್ಟು, ವೇಗ ಅಳೆಯುವ ಐಪರ್ಫ್ ಓಡಿಸಿದರೆ 10ರ ಹತ್ತಿರಕ್ಕೂ ಬರಲಿಲ್ಲ. ಯಾಕೆ ಅಂದರೆ, 8000 ಬೈಟ್‌ನಲ್ಲಿ 1500 ಬೈಟ್‌ನ ಪ್ಯಾಕೆಟ್ ಹಿಡಿಸುವುದು ಐದೇ. ಲ್ಯಾಪ್‌ಟಾಪ್ ಗಿಗಾಬಿಟ್ ವೇಗದಲ್ಲಿ ಒಂದು ಗುಂಪು ಪ್ಯಾಕೆಟ್ ಒಟ್ಟಿಗೆ ಕಳಿಸುತ್ತದೆ, ಆರನೆಯದರಿಂದಲೇ ಡ್ರಾಪ್ ಶುರು. ಡ್ರಾಪ್ ಕಂಡ ಟಿಸಿಪಿ (ಡೇಟಾ ಸಾಗಿಸುವ ಪ್ರೋಟೋಕಾಲ್) ವೇಗ ತಗ್ಗಿಸುತ್ತದೆ, ಮೆಲ್ಲಗೆ ಏರುತ್ತದೆ, ಮತ್ತೆ ಡ್ರಾಪ್, ಮತ್ತೆ ತಗ್ಗುತ್ತದೆ. ಬರ್ಸ್ಟ್ ಅನ್ನು 2,50,000 ಬೈಟ್‌ಗೆ ಏರಿಸಿದೆ, ಅಂದರೆ 10 ಎಂಬಿಪಿಎಸ್‌ನಲ್ಲಿ 0.2 ಸೆಕೆಂಡಿನ ಡೇಟಾ. ಗ್ರಾಫ್ ಸಮ ಆಯಿತು. ಇದರಲ್ಲಿ ಗರಿಷ್ಠ 10,00,000 ಬೈಟ್‌ವರೆಗೆ ಕೊಡಬಹುದು. ಎಷ್ಟು ಪ್ಯಾಕೆಟ್ ಲಿಮಿಟ್ ದಾಟಿತು ಅಂತ ತಿಳಿಯಲು 'ಶೋ ಎಂಎಲ್‌ಎಸ್ ಕ್ಯೂಒಎಸ್ ಇಂಟರ್‌ಫೇಸ್ ಸ್ಟ್ಯಾಟಿಸ್ಟಿಕ್ಸ್' ನೋಡಿ.

ಡೌನ್‌ಲೋಡ್‌ಗೆ ಇರುವುದು 'ಎಸ್‌ಆರ್‌ಆರ್-ಕ್ಯೂ ಬ್ಯಾಂಡ್‌ವಿಡ್ತ್ ಲಿಮಿಟ್'. 10ರಿಂದ 90 ಪರ್ಸೆಂಟ್‌ವರೆಗೆ ಮಾತ್ರ. ಗಿಗಾಬಿಟ್ ಪೋರ್ಟ್‌ನಲ್ಲಿ ಹತ್ತು ಪರ್ಸೆಂಟ್ ಅಂದರೇ 100 ಎಂಬಿಪಿಎಸ್, ನಮ್ಮ ಇಡೀ ಲೈನ್! ಪೋರ್ಟನ್ನು 100ಕ್ಕೆ ಇಳಿಸಿದರೆ 10 ಸಿಗುತ್ತದೆ, ಅದೂ ಅಂದಾಜಿಗೆ.

ಆದರೆ ಪಿಜಿಗೆ ಸ್ವಿಚ್‌ನಲ್ಲಿ ಲಿಮಿಟ್ ಬೇಡ ಅಂತ ನಾನು ನಿರ್ಧಾರ ಮಾಡಿದ್ದು ಈ ತೊಡಕುಗಳಿಗಾಗಿ ಅಲ್ಲ. ಒಂದು ಪೋರ್ಟ್‌ನ ಹಿಂದೆ ಇಡೀ ಮಹಡಿ ಇದೆ. ಪೋರ್ಟ್‌ಗೆ 30 ಹಾಕಿದರೆ ಆ ಮೂವತ್ತನ್ನೂ ಒಬ್ಬನೇ ನುಂಗುತ್ತಾನೆ. ರಜೆಯಲ್ಲಿ ಪಿಜಿ ಖಾಲಿ ಇದ್ದರೂ ಉಳಿದವರಿಗೆ 30 ದಾಟುವುದಿಲ್ಲ. ಇದು ನ್ಯಾಯ ಅಲ್ಲ ಅಲ್ವಾ?

ಮೈಕ್ರೋಟಿಕ್ ರೂಟರ್‌ನ ಪಿಸಿಕ್ಯೂ ಅನ್ನುವ ಕ್ಯೂ, ವೇಗವನ್ನು ಐಪಿ ಲೆಕ್ಕದಲ್ಲಿ, ಅಂದರೆ ಒಂದೊಂದು ಫೋನ್, ಲ್ಯಾಪ್‌ಟಾಪ್‌ಗೂ ಸಮವಾಗಿ ಹಂಚುತ್ತದೆ. ಇಡೀ ಲ್ಯಾನ್‌ಗೆ ಒಂದೇ ಸಿಂಪಲ್ ಕ್ಯೂ, ಮ್ಯಾಕ್ಸ್ ಲಿಮಿಟ್ ಎರಡು ಕಡೆಗೂ 95 ಎಂಬಿಪಿಎಸ್. ಲೈನ್‌ಗಿಂತ ಸ್ವಲ್ಪ ಕಮ್ಮಿ ಇಟ್ಟರೆ ಪ್ಯಾಕೆಟ್ ಸಾಲು ನಮ್ಮ ರೂಟರ್‌ನಲ್ಲೇ ನಿಲ್ಲುತ್ತದೆ, ನಾವು ಹೇಳಿದ ಹಾಗೆ ಕೇಳುತ್ತದೆ. ಹತ್ತು ಮಂದಿ ಒಟ್ಟಿಗೆ ಎಳೆದರೆ ತಲಾ 9.5, ಒಬ್ಬನೇ ಇದ್ದರೆ ಪೂರ್ತಿ ಅವನಿಗೆ. ಆಕ್ಸೆಸ್ ಪಾಯಿಂಟ್‌ಗಳು ಬ್ರಿಡ್ಜ್ ಮೋಡ್‌ನಲ್ಲಿರಬೇಕು, ಅಂದರೆ ಐಪಿ ಬದಲಿಸದೆ ಟ್ರಾಫಿಕ್ ದಾಟಿಸಬೇಕು. ಅವೇ ನ್ಯಾಟ್ ಮಾಡಿದರೆ (ಎಲ್ಲರ ಐಪಿಯನ್ನೂ ತಮ್ಮ ಒಂದೇ ಐಪಿಗೆ ಬದಲಿಸಿದರೆ) ರೂಟರ್‌ಗೆ ಮಹಡಿಗೊಂದೇ ಐಪಿ ಕಾಣುತ್ತದೆ. ಟ್ರಾಫಿಕ್‌ಗೆ ಅಡ್ಡದಾರಿ ಕೊಡುವ ಫಾಸ್ಟ್‌ಟ್ರ್ಯಾಕ್ ರೂಲ್ ಆಫ್ ಮಾಡಲೇಬೇಕು, ಇಲ್ಲದಿದ್ದರೆ ಟ್ರಾಫಿಕ್ ಕ್ಯೂ ಮುಟ್ಟದೆ ಹೋಗುತ್ತದೆ. ಆಫ್ ಮಾಡಿದರೆ ಸಿಪಿಯು ಮೇಲೆ ಭಾರ ಏರುತ್ತದೆ. 100 ಎಂಬಿಪಿಎಸ್‌ಗೆ ನಮ್ಮ ಚಿಕ್ಕ ರೂಟರ್ ಸಾಕಾಯಿತು.

ಮಂಗಳೂರಿನ ಬಂದರಿನ ಒಂದು ಆಫೀಸಿನಲ್ಲಿ ಮಾತ್ರ 2960ರ ಪೊಲೀಸರ್ ಅನ್ನೇ ಉಳಿಸಿಕೊಂಡೆ. ಅಲ್ಲಿ ಸಿಸಿಟಿವಿ ರೆಕಾರ್ಡರ್ ಫೂಟೇಜನ್ನು ಕ್ಲೌಡ್‌ಗೆ ಕಳಿಸುತ್ತಾ ಅಪ್‌ಲೋಡ್ ಪೂರ್ತಿ ತಿನ್ನುತ್ತಿತ್ತು. ಒಂದು ಪೋರ್ಟ್, ಒಂದೇ ಯಂತ್ರ, ಒಂದೇ ದಿಕ್ಕು. 10 ಎಂಬಿಪಿಎಸ್, ಅದೇ 2,50,000 ಬೈಟ್ ಬರ್ಸ್ಟ್. ಫೂಟೇಜ್ ತಡವಾಗಿ ಹೋಗುತ್ತದೆ, ಆದರೆ ಈಗ ಬಿಲ್ಲಿಂಗ್ ನಿಲ್ಲುವುದಿಲ್ಲ.