ಎಡಕ್ಕೆ ಕೋಬಾಲ್ಟ್, ಬಲಕ್ಕೆ ಹೊಂಬಣ್ಣ: ಎರಡು ಕೃತಕ ಮಂಡಿಗಳನ್ನು ಬಳಸುತ್ತಿರುವವನ ವಿಮರ್ಶೆ

ನನ್ನ ಎರಡೂ ಮಂಡಿಗಳು ಕೃತಕವಾದವು. ಎಡಗಾಲಿನದು 2018ರಲ್ಲಿ ಹಾಕಿಸಿಕೊಂಡ ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಕೀಲು. ಬಲಗಾಲಿನದು 2021ರಲ್ಲಿ ಹಾಕಿಸಿದ, ಆಸ್ಪತ್ರೆಗಳಲ್ಲಿ ‘ಗೋಲ್ಡ್ ನೀ’ ಎಂದು ಕರೆಯುವ, ಟೈಟಾನಿಯಂ ನಯೋಬಿಯಂ ನೈಟ್ರೈಡ್ ಲೇಪನವಿರುವ ಹೊಂಬಣ್ಣದ ಕೀಲು. ದೇಹ ಒಂದೇ, ಅದರ ಭಾರವೂ ಒಂದೇ, ಹತ್ತಿಳಿಯುವ ಉಡುಪಿಯ ದಿಬ್ಬಗಳೂ ಅವೇ. ಲೋಹ ಮಾತ್ರ ಬೇರೆ. ಇವೆರಡರಲ್ಲಿ ಯಾವುದು ಮೇಲು ಎಂದು ಪರಿಚಯದವರು ಕೇಳುತ್ತಲೇ ಇರುವುದರಿಂದ, ಎಲ್ಲವನ್ನೂ ಒಮ್ಮೆ ಬರೆದಿಡುವುದು ಒಳ್ಳೆಯದೆನಿಸಿತು. ಶಸ್ತ್ರಚಿಕಿತ್ಸೆ ಹೇಗೆ ನಡೆಯುತ್ತದೆ ಎಂಬ ವಿವರ ಎಲ್ಲೆಡೆ ಸಿಗುತ್ತದೆ. ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನಾದ್ದರಿಂದ ಮೊದಲು ಹಣದ ವಿಚಾರವನ್ನು ಮುಗಿಸುತ್ತೇನೆ. ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು 2017ರ ಆಗಸ್ಟ್‌ನಲ್ಲಿ ಮಂಡಿಯ ಕೀಲುಗಳಿಗೆ ಗರಿಷ್ಠ ಬೆಲೆಯನ್ನು ನಿಗದಿಪಡಿಸಿತು. ಕೋಬಾಲ್ಟ್-ಕ್ರೋಮಿಯಂ ಕೀಲಿಗೆ 54,720 ರೂಪಾಯಿ, ಟೈಟಾನಿಯಂ ಮತ್ತು ಆಕ್ಸಿಡೈಸ್ಡ್ ಜಿರ್ಕೋನಿಯಂನಂತಹ ವಿಶೇಷ ಲೋಹದ ಕೀಲಿಗೆ 76,600 ರೂಪಾಯಿ, ಜಿಎಸ್‌ಟಿ ಪ್ರತ್ಯೇಕ. ಮುಂದೆ ಈ ದರಗಳು ಅಷ್ಟಿಷ್ಟು ಪರಿಷ್ಕರಣೆಗೊಂಡವು. ಅಂದರೆ ಕಾಗದದ ಮೇಲೆ ನನ್ನ ಎರಡು ಮಂಡಿಗಳ ನಡುವಿನ ಅಂತರ ಇಪ್ಪತ್ತೆರಡು ಸಾವಿರದ ಆಸುಪಾಸಿನಲ್ಲಿರಬೇಕಿತ್ತು. ಆದರೆ ಮಿತಿ ಇದ್ದದ್ದು ಕೀಲಿಗೆ ಮಾತ್ರ, ಆಸ್ಪತ್ರೆಯ ‘ಪ್ಯಾಕೇಜ್’ಗೆ ಅಲ್ಲ. ಹೊಂಬಣ್ಣದ ಕೀಲಿನ ಪ್ಯಾಕೇಜಿನಲ್ಲಿ ಕೋಣೆಯ ದರ್ಜೆ, ಆಪರೇಷನ್ ಥಿಯೇಟರಿನ ಶುಲ್ಕ, ಬಳಸಿ ಬಿಸಾಡುವ ಸಾಮಗ್ರಿಗಳು ಎಲ್ಲವೂ ತಾವಾಗಿಯೇ ಒಂದೊಂದು ಮೆಟ್ಟಿಲು ಮೇಲೇರಿದ್ದವು. ಯಾವ ಸಾಲೂ ಸುಳ್ಳಾಗಿರಲಿಲ್ಲ. ಒಟ್ಟು ಮೊತ್ತ ಮಾತ್ರ ಇಪ್ಪತ್ತೆರಡು ಸಾವಿರದ ಲೆಕ್ಕವನ್ನು ಬಹಳ ದೂರ ಹಿಂದಿಕ್ಕಿತ್ತು. ಆ ಕೀಲು ಮೂವತ್ತು ವರ್ಷ ಬಾಳುತ್ತದೆ, ನಿಕಲ್ ಅಲರ್ಜಿ ಇರುವವರಿಗೆ ಅದುವೇ ಸುರಕ್ಷಿತ ಎಂದು ಅಲ್ಲಿನ ಸಲಹೆಗಾರ್ತಿ ಹೇಳಿದರು. ಕೈಗಡಿಯಾರದ ಹಿಂಬದಿಯ ಲೋಹ ತಾಗಿದರೆ ನನ್ನ ಮಣಿಕಟ್ಟು ತುರಿಸುವುದು ನಿಜ. ಆದರೆ ಅಲ್ಪಸ್ವಲ್ಪ ನಿಕಲ್ ಇರುವ ಕೋಬಾಲ್ಟ್-ಕ್ರೋಮಿಯಂ ಕೀಲು ಆಗಲೇ ಎಡಗಾಲಿನಲ್ಲಿ ಯಾವ ತಕರಾರೂ ಇಲ್ಲದೆ ಕೆಲಸ ಮಾಡುತ್ತಿತ್ತು. ಚರ್ಮದ ತುರಿಕೆಯನ್ನು ನೋಡಿ ಕೀಲಿನೊಳಗೂ ಹಾಗೆಯೇ ಆಗುತ್ತದೆಂದು ಹೇಳಲಾಗದು ಎಂದು ಶಸ್ತ್ರವೈದ್ಯರು ತಿಳಿಸಿ, ಆಯ್ಕೆಯನ್ನು ನಮಗೇ ಬಿಟ್ಟರು. ಬೆಂಗಳೂರಿನಲ್ಲಿರುವ ಮಗ ಹಟ ಹಿಡಿದ, ಹೊಂಬಣ್ಣವೇ ಗೆದ್ದಿತು.

ಈ ಲೋಹಗಳ ಚರ್ಚೆಯಲ್ಲಿ ಎಲ್ಲರೂ ಮರೆಯುವ ಒಂದು ಭಾಗವಿದೆ. ತೊಡೆಮೂಳೆಯ ತುದಿಗೆ ಕೂರಿಸುವ ಲೋಹದ ಕವಚಕ್ಕೂ ಕೆಳಗಿನ ಮೂಳೆಯ ಮೇಲೆ ಕೂರುವ ಲೋಹದ ತಟ್ಟೆಗೂ ನಡುವೆ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ಒಂದು ದಪ್ಪನೆಯ ಬಿಲ್ಲೆ ಇರುತ್ತದೆ. ವರ್ಷಾನುಗಟ್ಟಲೆ ಸವೆಯುವುದು ಮುಖ್ಯವಾಗಿ ಅದು. ಸವೆದು ಉದುರುವ ಸೂಕ್ಷ್ಮ ಕಣಗಳ ವಿರುದ್ಧ ದೇಹದ ರಕ್ಷಣಾ ಕೋಶಗಳು ಕೆರಳಿದಾಗ ಸುತ್ತಲಿನ ಮೂಳೆ ಕರಗತೊಡಗುತ್ತದೆ, ಕೀಲು ಸಡಿಲಗೊಳ್ಳುತ್ತದೆ. ಆದ್ದರಿಂದಲೇ ಈಗ ವಿಕಿರಣ ಹಾಯಿಸಿ ಅಣುಸರಪಳಿಗಳನ್ನು ಒಂದಕ್ಕೊಂದು ಬೆಸೆದ, ಕೆಲವೊಮ್ಮೆ ವಿಟಮಿನ್ ಇ ಬೆರೆಸಿದ ಪ್ಲಾಸ್ಟಿಕ್ಕನ್ನು ಬಳಸುತ್ತಾರೆ. ‘ಟೈಟಾನಿಯಂ ಮಂಡಿ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರ ಮಂಡಿಯಲ್ಲಿಯೂ ಸಾಮಾನ್ಯವಾಗಿ ಟೈಟಾನಿಯಂ ಇರುವುದು ಕೆಳಗಿನ ತಟ್ಟೆಯಲ್ಲಿ. ಅದು ಹಗುರ, ಮೂಳೆಗೆ ಒಗ್ಗುವಂಥದ್ದು, ಆದರೆ ಉಜ್ಜುವ ಮೇಲ್ಮೈಯಾಗಿ ಬೇಗ ಗೀರು ಬೀಳುತ್ತದೆ. ಆ ಕೆಲಸಕ್ಕೆ ಲೇಪನವಿಲ್ಲದೆ ಅದನ್ನು ಬಿಡುವುದಿಲ್ಲ. ದುಬಾರಿ ಲೋಹಗಳ ಪೈಕಿ ಆಕ್ಸಿಡೈಸ್ಡ್ ಜಿರ್ಕೋನಿಯಂ ಅನ್ನು ಅದೇ ವಿನ್ಯಾಸದ ಕೋಬಾಲ್ಟ್-ಕ್ರೋಮಿಯಂ ಜೊತೆ ಹೋಲಿಸಿದ ಆಸ್ಟ್ರೇಲಿಯಾದ ಕೃತಕ ಕೀಲುಗಳ ರಾಷ್ಟ್ರೀಯ ನೋಂದಣಿಯ ವಿಶ್ಲೇಷಣೆಯೊಂದು 2017ರಲ್ಲಿ ಪ್ರಕಟವಾಯಿತು. 12 ವರ್ಷಗಳ ಆ ದಾಖಲೆಯಲ್ಲಿ ಮರುಶಸ್ತ್ರಚಿಕಿತ್ಸೆಯ ಪ್ರಮಾಣ ದುಬಾರಿ ಲೋಹದಿಂದ ಕಡಿಮೆಯಾಗಿರಲಿಲ್ಲ. ನನ್ನ ಬಿಲ್ಲಿನಲ್ಲಿ ಬಾಳಿಕೆಯ ಹೊಣೆ ಹೊತ್ತ ಆ ಪ್ಲಾಸ್ಟಿಕ್ ಬಿಲ್ಲೆಗೆ ಸಿಕ್ಕಿದ್ದು ಒಂದೇ ಒಂದು ಸಾಲು. ಎರಡೂ ಬಿಲ್ಲುಗಳಲ್ಲಿ ಆ ಸಾಲು ಒಂದೇ ತೆರನಾಗಿತ್ತು.

ಇನ್ನು ನಾನು ಬರೆಯಲೇಬೇಕೆಂದುಕೊಂಡ ದೂರಿಗೆ ಬರುತ್ತೇನೆ. ಬಲ ಮಂಡಿ ಶಬ್ದ ಮಾಡುತ್ತದೆ. ಎಡವೂ ಮಾಡುತ್ತದೆ, ಆದರೆ ಬಲದ್ದು ಹೆಚ್ಚು. ಉಪ್ಪರಿಗೆಯಿಂದ ಇಳಿಯುವಾಗ, ಕುರ್ಚಿಯಲ್ಲಿ ಕೂತು ಪಾದ ಆಡಿಸುವಾಗ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ, ಒಳಗಿನಿಂದ ‘ಟಕ್’ ಎಂದು ಒಂದು ಒಣ ಸದ್ದು ಬರುತ್ತದೆ. ನೋವಿಲ್ಲ, ಕಾಲು ಜಾರಿದ ಅನುಭವವೂ ಇಲ್ಲ, ಸದ್ದು ಮಾತ್ರ. ಹಗಲಿನ ಗದ್ದಲದಲ್ಲಿ ಅದು ಕೇಳಿಸದು. ತಾಳಮದ್ದಲೆಯಲ್ಲಿ ಅರ್ಥಧಾರಿ ಮಾತು ನಿಲ್ಲಿಸಿ ಭಾಗವತರತ್ತ ತಿರುಗುವ ಆ ಅರೆಗಳಿಗೆಯಲ್ಲಿ ನಾನು ಕಾಲು ಸರಿಸಿದರೆ ಪಕ್ಕದವರು ನೆಲದಲ್ಲಿ ಏನು ಬಿದ್ದಿತೆಂದು ಬಗ್ಗಿ ನೋಡುತ್ತಾರೆ. ಶಸ್ತ್ರಚಿಕಿತ್ಸೆಗೆ ಮೊದಲು ಸೋಂಕು, ರಕ್ತ ಹೆಪ್ಪುಗಟ್ಟುವಿಕೆ, ಅರಿವಳಿಕೆಯ ಅಪಾಯಗಳನ್ನೆಲ್ಲ ವಿವರಿಸಿ ಸಹಿ ಹಾಕಿಸಿಕೊಂಡವರು, ಆ ಕಾಗದಗಳ ಕಟ್ಟಿನಲ್ಲಿ ಎಲ್ಲಿಯೂ ‘ಸದ್ದು ಬರಬಹುದು’ ಎಂದು ಬರೆದಿರಲಿಲ್ಲ. ಹೆಚ್ಚು ಹಣ ತೆತ್ತ ಮಂಡಿಯೇ ಹೆಚ್ಚು ಸದ್ದು ಮಾಡುವುದನ್ನು ನಾನು ಬಹಳ ಕಾಲ ವೈಯಕ್ತಿಕ ಅವಮಾನವೆಂದೇ ತಿಳಿದಿದ್ದೆ.

ಕಾರಣವನ್ನು ವಿವರಿಸಿದವರು ಶಸ್ತ್ರವೈದ್ಯರಲ್ಲ, ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್. ಸ್ನಾಯು ಸಡಿಲವಾಗಿದ್ದ ಕ್ಷಣದಲ್ಲಿ ಲೋಹದ ಕವಚವು ಪ್ಲಾಸ್ಟಿಕ್ಕಿನಿಂದ ಕೂದಲೆಳೆಯಷ್ಟು ಮೇಲೆದ್ದು ಮತ್ತೆ ಅದರ ಮೇಲೆ ಕೂರುತ್ತದೆ. ಗಟ್ಟಿಯಾದ ಎರಡು ವಸ್ತುಗಳು ತಾಗಿದ ಸದ್ದು ಅದು. ಮೂಳೆಗಳನ್ನು ಒಂದಕ್ಕೊಂದು ಬಿಗಿದಿಡುವ ಹಿಂಬದಿಯ ಅಡ್ಡ ಅಸ್ಥಿರಜ್ಜುವನ್ನು ತೆಗೆದು ಅದರ ಬದಲಿಗೆ ಪ್ಲಾಸ್ಟಿಕ್ಕಿನ ಗೂಟವೊಂದನ್ನು ಇರಿಸಿದ ವಿನ್ಯಾಸಗಳಲ್ಲಿ ಆ ಗೂಟಕ್ಕೆ ಲೋಹದ ಅಡ್ಡಪಟ್ಟಿ ತಾಗಿಯೂ ಸದ್ದು ಬರುವುದುಂಟು. ಮೆದು ಎಲುಬು ಇದ್ದಲ್ಲಿ ಲೋಹ ಬಂದ ಮೇಲೆ ಇದು ಸಹಜವೇ. ಅದರ ಬಣ್ಣ ಯಾವುದಾದರೂ ಒಂದೇ. “ನೋವುಂಟಾ? ಊದಿಕೊಂಡಿದೆಯಾ? ಕಾಲು ಕೈಕೊಡ್ತದಾ?” ಎಂದು ಕೇಳಿ, ಮೂರಕ್ಕೂ ಇಲ್ಲವೆಂದಾಗ ಅವರು ನಕ್ಕರು. “ಹಾಗಾದ್ರೆ ಅದು ಮಂಡಿಯ ಸಮಸ್ಯೆ ಅಲ್ಲ ಸರ್, ತೊಡೆಯದ್ದು. ತೊಡೆ ಬಿಗಿ ಮಾಡಿ.” ನೋವಿನ ಜೊತೆಗೆ ಹೊಸದಾಗಿ ಸದ್ದು ಶುರುವಾದರೆ ಮಾತ್ರ ತಡಮಾಡದೆ ಎಕ್ಸ್‌ರೇ ತೆಗೆಸಬೇಕೆಂದೂ ಹೇಳಿದರು.

ಅಂದಿನಿಂದ ಬೆಳಗಿನ ವ್ಯಾಯಾಮಕ್ಕೆ ಒಂದು ಗುರಿ ಸಿಕ್ಕಿತು. ಏಳುವ ಮೊದಲೇ ಸುತ್ತಿದ ಬೈರಾಸನ್ನು (ಟವೆಲನ್ನು) ಹಿಮ್ಮಡಿಯ ಕೆಳಗಿಟ್ಟು, ಮಂಡಿಯ ಹಿಂಭಾಗ ಹಾಸಿಗೆಗೆ ತಾಗುವಂತೆ ಒತ್ತಿ ಹಿಡಿಯುತ್ತೇನೆ. ತೊಡೆಯ ಮೇಲೆ ಅಂಗೈಯಿಟ್ಟರೆ ಸ್ನಾಯು ಗಟ್ಟಿಯಾಗುವುದು ತಿಳಿಯುತ್ತದೆ. ಬಳಿಕ ಚಾವಡಿಯ ಕೆಂಪು ಸಿಮೆಂಟಿನ ನೆಲದಲ್ಲಿ ಕುರ್ಚಿ ಹಾಕಿ, ಕಾಲಿಗೆ ಹಳೆಯ ಕಾಲುಚೀಲ ತೊಟ್ಟು, ಅದರಡಿಗೆ ಚಿಟಿಕೆ ಪೌಡರ್ ಉದುರಿಸಿ ಹಿಮ್ಮಡಿಯನ್ನು ಹಿಂದಕ್ಕೆ ಎಳೆಯುತ್ತೇನೆ. ಹೊಸ ಮನೆಗಳ ಟೈಲ್ಸ್‌ನ ಸಂದುಗಳಲ್ಲಿ ಕಾಲುಚೀಲ ತಡೆಯುತ್ತದೆ. ಈ ವ್ಯಾಯಾಮಕ್ಕೆ ಹಳೆಯ ನೆಲದಷ್ಟು ಒಳ್ಳೆಯ ಉಪಕರಣ ಬೇರೊಂದಿಲ್ಲ. ಎಡ ಮಂಡಿ 120 ಡಿಗ್ರಿಯವರೆಗೆ ಮಡಚುತ್ತದೆ, ಬಲದ್ದು 110ರ ಹತ್ತಿರ ನಿಲ್ಲುತ್ತದೆ. ಅದಾದ ಮೇಲೆ ಗಾಯದ ಗೆರೆಯುದ್ದಕ್ಕೂ ತೆಂಗಿನೆಣ್ಣೆ ಹಚ್ಚಿ ಹೆಬ್ಬೆರಳಿನಿಂದ ಅಡ್ಡಡ್ಡ ತಿಕ್ಕುತ್ತೇನೆ, ಮತ್ತೆ ಗಂಜಿ ಮತ್ತು ಮಿಡಿ ಉಪ್ಪಿನಕಾಯಿ. ಮಳೆ ಬಿಟ್ಟಿದ್ದರೆ ಸಂಜೆ ಅಜ್ಜರಕಾಡಿನ ಪಾರ್ಕಿನಲ್ಲಿ ನಡೆಯುತ್ತೇನೆ.

ಈ ಕ್ರಮ ತಪ್ಪದೆ ನಡೆದ ತಿಂಗಳುಗಳಲ್ಲಿ ಸದ್ದು ಬಹುಮಟ್ಟಿಗೆ ಅಡಗುತ್ತದೆ. ಆಷಾಢದ ಜಡಿಮಳೆಯಲ್ಲಿ ಅಂಗಳ ಪಾಚಿಗಟ್ಟಿ ಹೊರಗೆ ಕಾಲಿಡಲು ಹೆದರಿ ಮನೆಯಲ್ಲೇ ಕೂತರೆ, ಸೋಣ ತಿಂಗಳು ಕಾಲಿಡುವ ಹೊತ್ತಿಗೆ ಬಲ ಮಂಡಿ ಮತ್ತೆ ಮಾತಾಡತೊಡಗುತ್ತದೆ. ತೊಡೆ ಸೊರಗಿರುವುದನ್ನು ನನಗಿಂತ ಮೊದಲು ತಿಳಿಸುವುದು ಅದೇ. ತೂಕದ ಯಂತ್ರವನ್ನೂ ಫೋನಿನಲ್ಲಿ ಹೆಜ್ಜೆ ಎಣಿಸುವ ಆ್ಯಪನ್ನೂ ನಾನು ನಂಬುವುದಿಲ್ಲ, ಈ ಸದ್ದನ್ನು ನಂಬುತ್ತೇನೆ. ಬಲಗಾಲಿನಲ್ಲೇ ಅದು ಹೆಚ್ಚಾಗಲು ಕಾರಣವೂ ಹೊಳೆದಿದೆ: ಎಡ ಮಂಡಿಯನ್ನು ಬದಲಿಸಿದ ನಂತರದ ವರ್ಷಗಳಲ್ಲಿ ನೋಯುತ್ತಿದ್ದ ಬಲಗಾಲನ್ನು ಕಾಪಾಡಿಕೊಂಡು ನಡೆದದ್ದರಿಂದ ಆ ತೊಡೆ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಬಡವಾಗಿತ್ತು. ಲೇಪನದ ಮೇಲಿನ ನನ್ನ ಸಿಟ್ಟು ಹೀಗೆ ಅರ್ಧ ಇಳಿಯಿತು; ಪ್ಯಾಕೇಜಿನ ಮೇಲಿನ ಸಿಟ್ಟು ಹಾಗೆಯೇ ಇದೆ.

ಉಳಿದ ಅನುಭವಗಳು ಎರಡೂ ಕಾಲುಗಳಲ್ಲಿ ಒಂದೇ. ಗಾಯದ ಹೊರಬದಿಯಲ್ಲಿ ಅಂಗೈಯಗಲದ ಜಾಗ ಮರಗಟ್ಟಿದೆ. ಚರ್ಮದ ಸಣ್ಣ ನರವೊಂದು ಆ ಛೇದನದಲ್ಲಿ ಕತ್ತರಿಸಿಹೋಗುವುದರಿಂದ ಹೀಗಾಗುತ್ತದೆ. ಅಲ್ಲಿ ಸೊಳ್ಳೆ ಕೂತರೂ ತಿಳಿಯದು. ಮಂಡಿ ತಿಂಗಳುಗಟ್ಟಲೆ ಬೆಚ್ಚಗಿತ್ತು, ಆಮೇಲೆ ತಣಿಯಿತು. ಸಿಟಿ ಬಸ್ಸಿನ ಎತ್ತರದ ಮೆಟ್ಟಿಲಿಗೆ ಎಡಗಾಲನ್ನೇ ಮುಂದಿಡುತ್ತೇನೆ. ನೆಲದಲ್ಲಿ ಕೂತು ಉಣ್ಣುವ ಪಂಕ್ತಿಯನ್ನು ಬಿಟ್ಟು ಮೇಜಿಗೆ ಹೋಗುತ್ತೇನೆ. ಬಜ್ಪೆಯ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಬಾಗಿಲು ಎರಡಕ್ಕೂ ಸಮಾನವಾಗಿ ಕೂಗುತ್ತದೆ. ರಾತ್ರಿ ನಿದ್ದೆ ಕೆಡಿಸುತ್ತಿದ್ದ ಹಳೆಯ ನೋವು ಎರಡರಲ್ಲೂ ಹೋಗಿದೆ, ಮತ್ತು ಇಷ್ಟೆಲ್ಲ ಗೊಣಗಿದ ಮೇಲೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದರ ಬಗ್ಗೆ ನನಗೆ ಎಳ್ಳಷ್ಟೂ ಅಸಮಾಧಾನವಿಲ್ಲ.

ಲೋಹದ ಅಲರ್ಜಿ ಇದೆಯೆಂದು ವೈದ್ಯರೇ ಪರೀಕ್ಷಿಸಿ ಹೇಳಿದವರು ಲೇಪನದ ಕೀಲಿನ ಬಗ್ಗೆ ಯೋಚಿಸಬಹುದು. ಉಳಿದವರು ಆ ಹೆಚ್ಚುವರಿ ಹಣವನ್ನು ಮನೆಗೆ ಬರುವ ಫಿಸಿಯೋಥೆರಪಿಸ್ಟ್‌ಗೆ ತೆಗೆದಿಡುವುದು ಲೇಸು, ಏಕೆಂದರೆ ನನ್ನ ವಿಮಾ ಕಂಪನಿ ಹೊಂಬಣ್ಣಕ್ಕೆ ಹಣ ಕೊಟ್ಟು, ಮನೆ ಭೇಟಿಯ ಬಿಲ್ಲುಗಳನ್ನು ಮಾತ್ರ ತಿರಸ್ಕರಿಸಿತು. ಈಗ ಮನೆಯಾಕೆಯ ಸರದಿ ಬಂದಿದೆ. ಇಷ್ಟು ವರ್ಷ ನನ್ನ ಎರಡು ಮಂಡಿಗಳನ್ನು ಕೇಳುತ್ತ ಬಂದವಳು ಅವಳು. ಕೋಬಾಲ್ಟೇ ಸಾಕೆಂದು ಅವಳೇ ತೀರ್ಮಾನಿಸಿದ್ದಾಳೆ. ವೈದ್ಯರನ್ನು ಕಾಣಲು ಹೊರಡುವಾಗ ನನ್ನ ಕೈಗೆ ಚೀಟಿ ಕೊಟ್ಟು, “ರೇಟು ಆಮೇಲೆ ಮಾತಾಡುವ, ಶಬ್ದ ಬಾರದ್ದು ಉಂಟಾ ಅಂತ ಮೊದಲು ಕೇಳಿ” ಎಂದಳು. ಇಲ್ಲವೆಂದು ನಾನೇ ಹೇಳಿದರೆ ಆಗದಂತೆ, ಅದನ್ನು ಡಾಕ್ಟರೇ ಹೇಳಬೇಕಂತೆ.