ಮಲ್ಲೇಶ್ವರದ ಪಿಯಾನೋ ಕ್ಲಾಸು: ಪುಟಾಣಿ ಮೊಜಾರ್ಟ್ ಬೇಕಾದವರು ಬೇರೆ ಕಡೆ ನೋಡಿ

"ಇಷ್ಟು ದಿನ ಆದರೂ ಮಗು ಒಂದು ಸಿನಿಮಾ ಹಾಡು ನುಡಿಸುತ್ತಿಲ್ಲ" ಅಂತ ಈ ಕ್ಲಾಸಿಗೆ ಒಂದೇ ಸ್ಟಾರ್ ಕೊಟ್ಟವರಿದ್ದಾರೆ. ನಾನು ನಾಲ್ಕು ಕೊಡುತ್ತೇನೆ, ಅದೇ ಕಾರಣಕ್ಕೆ.

ಮಿಸ್ ಮೊದಲು ಬೆರಳು ತಿದ್ದುತ್ತಾರೆ. ಸ್ಕೇಲ್ (ಸ್ವರಗಳನ್ನು ಸಾಲಾಗಿ ಏರಿಸಿ ಇಳಿಸಿ ನುಡಿಸುವುದು), ಮತ್ತೆ ಸ್ಕೇಲ್, ಆಮೇಲೆ ಚೆರ್ನಿ ಪುಸ್ತಕದ ಚಿಕ್ಕ ಚಿಕ್ಕ ಪಾಠ. ನಮ್ಮ ಸರಳೆ ವರಸೆ ಇದ್ದ ಹಾಗೆ, ಬೋರು, ಆದರೆ ಬಿಡುವ ಹಾಗಿಲ್ಲ. ನನ್ನ ಮಗಳು ಮುಖ ಊದಿಸಿಕೊಂಡೇ ಮೆಟ್ಟಿಲು ಇಳಿಯುತ್ತಿದ್ದಳು.

ಈ ಚೆರ್ನಿ ಯಾರು ಅಂತೀರಾ? ಬೀಥೋವನ್ ಹತ್ತಿರ ಕಲಿತ ವಿಯೆನ್ನಾದ ಮೇಷ್ಟ್ರು. 1819ರಲ್ಲಿ ಒಬ್ಬ ಅಪ್ಪ ಹಂಗೇರಿಯಿಂದ ತನ್ನ ಪುಟ್ಟ ಮಗನನ್ನು ಅವರ ಮನೆಗೆ ಕರೆದುಕೊಂಡು ಬಂದ. ಹುಡುಗನ ಹೆಸರು ಫ್ರಾಂಜ್ ಲಿಸ್ಟ್, ಮುಂದೆ ಹೆಸರಾಂತ ಪಿಯಾನೋ ವಾದಕ ಆದವನು. ಪ್ರತಿಭೆ ಕಣ್ಣಿಗೆ ರಾಚುವಂತಿತ್ತು, ಆದರೆ ನುಡಿಸಾಟ ಪೂರ್ತಿ ಅಡ್ಡಾದಿಡ್ಡಿ, ಯಾವ ಕೀಗೆ ಯಾವ ಬೆರಳು ಅನ್ನುವುದೇ ಗೊತ್ತಿರಲಿಲ್ಲ. ಮುಂದೆ ಪಾಠ ಶುರುವಾದಾಗ ಚೆರ್ನಿ ಅವನನ್ನು ಸ್ಕೇಲಿನಿಂದಲೇ ಹಿಡಿದರು, ಹುಡುಗ ಗೊಣಗಿದ, ಅವರು ಬಿಡಲಿಲ್ಲ, ಕೊನೆಗೆ ಫೀಸೂ ಬೇಡ ಅಂದರು. 1822ರ ಡಿಸೆಂಬರ್‌ನಲ್ಲಿ, ಹನ್ನೊಂದನೇ ವಯಸ್ಸಿಗೆ, ಅವನು ವಿಯೆನ್ನಾದಲ್ಲಿ ಕಛೇರಿ ಕೊಟ್ಟ. ಲಿಸ್ಟ್‌ಗೇ ತಪ್ಪದ ಸ್ಕೇಲು ನಮ್ಮ ಮಕ್ಕಳಿಗೆ ತಪ್ಪುತ್ತದಾ? (ನಮ್ಮ ಮಿಸ್ ಮಾತ್ರ ಫೀಸು ಬೇಡ ಅನ್ನುವುದಿಲ್ಲ, ಮೂರು ತಿಂಗಳದ್ದು ಮುಂಚೆಯೇ ಕಟ್ಟಬೇಕು.)

ಇನ್ನೊಂದು ವಿಷಯ. ಇಲ್ಲಿ ಅಪ್ಪ ಅಮ್ಮಂದಿರಲ್ಲಿ ಒಬ್ಬರು ಪಾಠದಲ್ಲಿ ಕೂತಿರಬೇಕು, ಮನೆಯಲ್ಲಿ ಪ್ರಾಕ್ಟೀಸ್‌ಗೂ ಕೂರಬೇಕು. ಸುಮ್ನೆ ಬಿಟ್ಟು ಸಂಪಿಗೆ ರಸ್ತೆಯಲ್ಲಿ ಶಾಪಿಂಗ್ ಮಾಡಿ ಬರುವ ಹಾಗಿಲ್ಲ. ಕೆಲವರಿಗೆ ಇದೇ ದೊಡ್ಡ ತಕರಾರು. ಆದರೆ ನೋಡಿ, ಒಂಬತ್ತನೇ ವಯಸ್ಸಿಗೆ ಲೈಪ್‌ಜಿಗ್‌ನಲ್ಲಿ ವೇದಿಕೆ ಹತ್ತಿದ ಪಿಯಾನೋ ವಾದಕಿ ಕ್ಲಾರಾ ಶೂಮನ್‌ಗೆ ಅಪ್ಪನೇ ಮೇಷ್ಟ್ರು, ದಿನಾ ಮನೆಯಲ್ಲೇ ಪಾಠ. ಮಾಸ್ಕೋದ ಪಿಯಾನೋ ವಾದಕ ಯೆವ್ಗೆನಿ ಕಿಸ್ಸಿನ್ ಆರು ವರ್ಷಕ್ಕೆ ಗ್ನೆಸಿನ್ ಸಂಗೀತ ಶಾಲೆ ಸೇರಿದ, ಅಲ್ಲಿ ಸಿಕ್ಕಿದ ಆನ್ನಾ ಕಾಂಟೊರ್ ಒಬ್ಬರೇ ಕೊನೆತನಕ ಅವನ ಗುರು. 1984ರಲ್ಲಿ, ಹನ್ನೆರಡು ವಯಸ್ಸಿಗೆ, ಪೋಲೆಂಡಿನ ಸಂಗೀತಗಾರ ಶೋಪ್ಯಾನ್‌ನ ಎರಡೂ ಪಿಯಾನೋ ಕಾನ್ಸೆರ್ಟೋ (ಇಡೀ ವಾದ್ಯವೃಂದದ ಜೊತೆ ನುಡಿಸುವ ದೊಡ್ಡ ಕೃತಿ) ನುಡಿಸಿದ. ನಾವು ವಾರಕ್ಕೆ ಎರಡು ಸಲ ಮುಕ್ಕಾಲು ಗಂಟೆ ಕಳಿಸಿ, ವರ್ಷಕ್ಕೊಬ್ಬ ಟೀಚರ್ ಬದಲಾಯಿಸಿ, "ನಮ್ಮ ಮಗು ಯಾವಾಗ ಸ್ಟೇಜ್ ಹತ್ತುತ್ತೆ?" ಅಂದರೆ ಹೇಗೆ?

ಬೇಜಾರಿನ ಸಂಗತಿ ಇಲ್ಲ ಅಂತಲ್ಲ. ತಪ್ಪಿದ ಕ್ಲಾಸನ್ನು ಮತ್ತೆ ಮಾಡಿಕೊಡುವುದಿಲ್ಲ, ಮಗುವಿಗೆ ಜ್ವರ ಬಂದಿದ್ದರೂ ಅಷ್ಟೇ. ಇದು ನನಗೆ ಸರಿ ಕಾಣಲಿಲ್ಲ, ಒಂದು ಸ್ಟಾರ್ ಹೋಗಿದ್ದೇ ಅದಕ್ಕೆ. ಪಾರ್ಕಿಂಗ್ ಕೇಳಲೇಬೇಡಿ, ಮೆಟ್ರೋದಲ್ಲಿ ಹೋಗಿ. 61 ಕೀ ಇರುವ ಕೀಬೋರ್ಡ್ ನಡೆಯುವುದಿಲ್ಲ, 88 ಕೀ ಇರುವ, ಒತ್ತಿದರೆ ಭಾರ ಸಿಗುವ ಡಿಜಿಟಲ್ ಪಿಯಾನೋನೇ ಬೇಕು ಅನ್ನುತ್ತಾರೆ. ಖರ್ಚು ಜಾಸ್ತಿ, ಆದರೆ ಮಾತು ನಿಜ. ಹಗುರ ಕೀಗೆ ಒಗ್ಗಿದ ಬೆರಳು ನಿಜವಾದ ಪಿಯಾನೋ ಮುಂದೆ ಸೋಲುತ್ತದೆ.

ಟ್ರಯಲ್ ಕ್ಲಾಸು ಫ್ರೀ. ಉಗುರು ಕತ್ತರಿಸಿ ಕರೆದುಕೊಂಡು ಹೋಗಿ, ಇಲ್ಲಾಂದ್ರೆ ಮಿಸ್ಸೇ ನೇಲ್ ಕಟರ್ ತೆಗೆಯುತ್ತಾರೆ.